ಹಿಮದ ದಾರಿಯಲ್ಲಿ ಸ್ವಾಮಿ ಅಂದ್ರಾದೆ



ಡಿಸೆಂಬರ್ ತಿಂಗಳಲ್ಲಿ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಗೆ ಬೆಳಗಿನ ಜಾವ ಹೋಗಿದ್ದೀರಾ? ಜಲಾಶಯದ ಮೇಲೆ ಮಂಜು ಕವಿದಾಗ ದಂಡೆಯಲ್ಲಿ ನಿಂತವರಿಗೆ ನೀರೂ ಕಾಣದು, ಹಕ್ಕಿಯೂ ಕಾಣದು. ಕೂಗು ಮಾತ್ರ ಕೇಳುತ್ತದೆ. ಬಿಸಿಲೇರಿದರೆ ಎಲ್ಲವೂ ಮತ್ತೆ ತಿಳಿ. ನಮ್ಮ ಚಳಿಗಾಲವೆಂದರೆ ಇಷ್ಟೇ. ಒಂದು ಶಾಲು, ಒಲೆಯ ಮುಂದೆ ಒಂದು ಲೋಟ ಕಾಫಿ, ಅಲ್ಲಿಗೆ ಚಳಿ ಮುಗಿಯಿತು. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವಾಗ ಹತ್ತಿಯನ್ನು ಹಿಂಜಿ ಚಾವಣಿಯ ಮೇಲೆ ಹರಡಿ, ಇದೇ ಹಿಮ ಎಂದು ಮಕ್ಕಳಿಗೆ ತೋರಿಸುತ್ತೇವೆ. ನಿಜವಾದ ಹಿಮವನ್ನು ನಮ್ಮಲ್ಲಿ ಕಂಡವರು ಎಷ್ಟು ಮಂದಿ?

ಆದರೆ ಅತ್ತಿವೇರಿಯಿಂದ ಹೆಚ್ಚು ದೂರವಿಲ್ಲದ ಮುಂಡಗೋಡದ ಟಿಬೆಟನ್ ಕ್ಯಾಂಪುಗಳಲ್ಲಿ ಹಿಮವೆಂಬುದು ಹತ್ತಿಯ ಆಟವಲ್ಲ. 1959ರ ನಂತರ ಊರು ಮನೆ ಬಿಟ್ಟು ಹಿಮಾಲಯದ ಕಣಿವೆದಾರಿಗಳನ್ನು ದಾಟಿ ಬಂದ ಜನ ಅವರು. 1966ರಲ್ಲಿ ಇಲ್ಲಿ ನೆಲೆ ಕಂಡುಕೊಂಡರು. ಅವರಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಅದೇ ಹಿಮಾಲಯವನ್ನು ಈ ಕಡೆಯಿಂದ ಆ ಕಡೆಗೆ ದಾಟಿದ ಕಥೋಲಿಕ ಗುರುವೊಬ್ಬರಿದ್ದರು. ಜೋಯಿಡಾ ದಾಟಿ ಅನಮೋಡ ಘಾಟಿ ಇಳಿದರೆ ಸಿಗುವ ಗೋವೆಯಲ್ಲೇ ಅವರು ಭಾರತದ ಮಣ್ಣನ್ನು ಮೊದಲು ತುಳಿದದ್ದು. ಪ್ರಾಣ ಬಿಟ್ಟದ್ದೂ ಅಲ್ಲೇ. ಅವರ ಹೆಸರು ಅಂತೋನಿಯೊ ದೆ ಅಂದ್ರಾದೆ.

ಪೋರ್ಚುಗಲ್ಲಿನ ಒಲೇರೋಸ್ ಎಂಬ ಊರಿನಲ್ಲಿ 1580ರಲ್ಲಿ ಹುಟ್ಟಿದ ಅಂದ್ರಾದೆ 1596ರಲ್ಲಿ ಯೇಸುಸಭೆಯನ್ನು ಸೇರಿದರು. 1600ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಹಡಗು ಹತ್ತಿ ಗೋವೆಗೆ ಬಂದರು. ಮುಂದೆ ಮೊಗಲರ ರಾಜಧಾನಿ ಆಗ್ರಾದಲ್ಲಿದ್ದ ಯೇಸುಸಭೆಯ ಮಿಷನ್ನಿಗೆ ಹಿರಿಯರಾದರು. ಹಿಮಾಲಯದ ಆಚೆ ಕ್ರೈಸ್ತರ ನಾಡೊಂದಿದೆ, ಕಾಲಾಂತರದಲ್ಲಿ ಅವರು ಗುರುಗಳಿಲ್ಲದೆ ಉಳಿದಿದ್ದಾರೆ ಎಂಬ ಮಾತು ಆ ಕಾಲದಲ್ಲಿ ವರ್ತಕರ ಬಾಯಲ್ಲಿ ಓಡಾಡುತ್ತಿತ್ತು. ಈ ಮಾತು ಅವರ ನಿದ್ದೆ ಕೆಡಿಸಿರಬೇಕು. ಹೋಗಿ ನೋಡದೆ ಅವರಿಗೆ ಸಮಾಧಾನವಿರಲಿಲ್ಲ.

1624ರ ಮಾರ್ಚ್ 30ರಂದು ಬ್ರದರ್ ಮನುಯೆಲ್ ಮಾರ್ಕೆಸ್ ಅವರನ್ನು ಜೊತೆಗೆ ಕರೆದುಕೊಂಡು ಆಗ್ರಾದಿಂದ ಹೊರಟರು. ದಿಲ್ಲಿಯಲ್ಲಿ ಬದರಿನಾಥಕ್ಕೆ ಹೊರಟಿದ್ದ ಹಿಂದೂ ಯಾತ್ರಿಕರ ಗುಂಪನ್ನು ಸೇರಿಕೊಂಡರು. ಗಢವಾಲದ ರಾಜಧಾನಿ ಶ್ರೀನಗರದಲ್ಲಿ (ಕಾಶ್ಮೀರದ ಶ್ರೀನಗರವಲ್ಲ) ತಡೆದು ವಿಚಾರಿಸಿದಾಗ, ಟಿಬೆಟ್ಟಿನಲ್ಲಿರುವ ಸಹೋದರನನ್ನು ಕಾಣಲು ಹೋಗುತ್ತಿದ್ದೇನೆ ಎಂದರಂತೆ. ಗಂಟಿನಲ್ಲಿದ್ದ ಕರಿ ನಿಲುವಂಗಿ ಏಕೆ ಎಂದು ಕೇಳಿದರೆ, ಸಹೋದರ ತೀರಿಕೊಂಡಿದ್ದರೆ ಶೋಕದ ಉಡುಪು ಬೇಕಲ್ಲ ಎಂದರು. ಕಂಡಿರದ ಆ ಕ್ರೈಸ್ತರನ್ನೇ ಅವರು ಸಹೋದರ ಎಂದದ್ದು. ಉತ್ತರ ಜಾಣತನದ್ದು; ಪೂರಾ ಸುಳ್ಳೆಂದು ಹೇಳಲು ನನಗೆ ಮನಸ್ಸಿಲ್ಲ.

ಬದರಿನಾಥದ ಮುಂದೆ ಮಾಣಾ ಎಂಬ ಹಳ್ಳಿ. ಅಲ್ಲಿಂದಾಚೆಗೆ ಮಾಣಾ ಕಣಿವೆದಾರಿ, 5,600 ಮೀಟರ್‌ಗಳಷ್ಟು ಎತ್ತರ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ಮೂರರಷ್ಟಕ್ಕೆ ಹತ್ತಿರ ಎಂದು ಲೆಕ್ಕ ಹಾಕಿಕೊಳ್ಳಿ. ನಮ್ಮಲ್ಲಿ ಬೇಸಿಗೆ ಮುಗಿಯುವ ಹೊತ್ತು ಬಂದರೂ ಅಲ್ಲಿ ಹಿಮ ಕರಗಿರಲಿಲ್ಲ. ಕಾಯುತ್ತ ಕುಳಿತರೆ ರಾಜನ ಕಡೆಯವರು ಹಿಂದಕ್ಕೆ ಕಳಿಸಬಹುದೆಂಬ ಭಯ. ಬ್ರದರ್ ಮಾರ್ಕೆಸ್ ಅವರನ್ನು ಮಾಣಾದಲ್ಲೇ ಬಿಟ್ಟು, ಇಬ್ಬರು ಕ್ರೈಸ್ತ ಸೇವಕರನ್ನೂ ಒಬ್ಬ ದಾರಿಗಾರನನ್ನೂ ಕರೆದುಕೊಂಡು ಸ್ವಾಮಿಯವರು ಮುಂದೆ ಹೊರಟರು. ಹಿಂದಿನಿಂದ ಜನ ಬಂದು ಬೆದರಿಸಿದಾಗ ದಾರಿಗಾರ ಹಿಂದಿರುಗಿಬಿಟ್ಟ. ಉಳಿದವರು ಮೂವರೇ.

ಮುಂದಿನ ದಿನಗಳ ವಿವರವನ್ನು ಅವರು ತಮ್ಮ ಹಿರಿಯರಿಗೆ ಬರೆದ ಪತ್ರದಲ್ಲಿ ಕೊಟ್ಟಿದ್ದಾರೆ. ಹಿಮದಲ್ಲಿ ಒಮ್ಮೆ ಮೊಣಕಾಲಿನವರೆಗೆ, ಒಮ್ಮೆ ಎದೆಯವರೆಗೆ ಹೂತುಹೋಗುತ್ತಿದ್ದರು. ಕೆಲವೆಡೆ ನಡೆಯಲಾಗದೆ ಈಜುವವರಂತೆ ಹಿಮದ ಮೇಲೆ ಮಲಗಿ ಮುಂದೆ ಸರಿಯಬೇಕಾಯಿತು. ರಾತ್ರಿ ಒಂದು ಕಂಬಳಿಯನ್ನು ಹಿಮದ ಮೇಲೆ ಹಾಸಿ, ಉಳಿದವನ್ನು ಮೂವರೂ ಒಟ್ಟಿಗೆ ಹೊದ್ದು ಮಲಗುತ್ತಿದ್ದರು. ಮೇಲೆ ಬಿದ್ದ ಹಿಮದಲ್ಲಿ ಹೂತುಹೋಗದಂತೆ ಮತ್ತೆ ಮತ್ತೆ ಎದ್ದು ಕೊಡವಬೇಕು. ಊಟಕ್ಕೆ ನೀರಲ್ಲಿ ಕಲಸಿದ ಹುರಿದ ಬಾರ್ಲಿಯ ಹಿಟ್ಟು. ಮುಂಡಗೋಡದ ಟಿಬೆಟನ್ ಮನೆಗಳಲ್ಲಿ ತ್ಸಂಪಾ ಎನ್ನುವುದು ಇದನ್ನೇ. ನಮ್ಮ ಹುರಿಹಿಟ್ಟಿನ ದಾಯಾದಿ ಎನ್ನಬಹುದು.

ಕೈಕಾಲುಗಳಿಗೆ ಸ್ಪರ್ಶಜ್ಞಾನವೇ ಹೋಯಿತು. ಒಮ್ಮೆ ಏನನ್ನೋ ಹಿಡಿಯಲು ಹೋಗಿ ಬೆರಳಿನ ಒಂದು ತುಂಡು ಮುರಿದು ಬಿತ್ತು; ರಕ್ತ ಕಂಡ ಮೇಲಷ್ಟೇ ಅವರಿಗೆ ಗೊತ್ತಾದದ್ದು. ಅತಿಯಾದ ಚಳಿಯಲ್ಲಿ ದೇಹವು ಒಳಗಿನ ಅಂಗಗಳನ್ನು ಉಳಿಸಿಕೊಳ್ಳಲು ಬೆರಳುಗಳ ರಕ್ತನಾಳಗಳನ್ನು ಬಿಗಿದುಬಿಡುತ್ತದೆ, ಮಾಂಸವೇ ಹೆಪ್ಪುಗಟ್ಟುತ್ತದೆ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಆ ದಾರಿಯಲ್ಲಿ ಗಟ್ಟಿಮುಟ್ಟಾದವರೂ ಹಠಾತ್ತನೆ ಸಾಯುವುದಕ್ಕೆ ನೆಲದಿಂದೇಳುವ ವಿಷಗಾಳಿ ಕಾರಣವೆಂದು ಅಲ್ಲಿಯ ಜನ ನಂಬಿದ್ದರು. ಚಳಿ ಮತ್ತು ಹಸಿವೆಯೇ ಕಾರಣವಿರಬೇಕೆಂದು ಸ್ವಾಮಿಯವರು ತರ್ಕಿಸಿದರು. ಎತ್ತರಕ್ಕೆ ಹೋದಂತೆ ಪ್ರಾಣವಾಯು ಸಾಲದೆ ಹೋಗುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಕಣ್ಣಿನ ವಿಚಾರ. ಹಿಮದ ಮೇಲೆ ಬಿದ್ದ ಬಿಸಿಲು ಹಿಂದಿರುಗಿ ಕಣ್ಣನ್ನು ಸುಡುತ್ತದೆ. ಅವರ ದೃಷ್ಟಿ ಎಷ್ಟು ಮಂದವಾಯಿತೆಂದರೆ, ಗುರುಗಳಾದವರು ದಿನವೂ ತಪ್ಪದೆ ಹೇಳಬೇಕಾದ ನಿತ್ಯಪ್ರಾರ್ಥನೆಯ ಪುಸ್ತಕದ ಒಂದಕ್ಷರವನ್ನೂ ಗುರುತಿಸಲಾರದೆ ಇಪ್ಪತ್ತೈದು ದಿನಗಳಿಗಿಂತ ಹೆಚ್ಚು ಕಾಲ ಕಳೆದರು. ಬೆರಳು ಹೋದದ್ದರ ಪಕ್ಕದಲ್ಲೇ ಇದನ್ನೂ ಬರೆದಿದ್ದಾರೆ ನೋಡಿ.

ಕಣಿವೆಯ ನೆತ್ತಿ ತಲುಪಿದಾಗ ಮುಂದೆ ಟಿಬೆಟ್ಟಿನ ಬಯಲು. ಆದರೆ ಎಲ್ಲವೂ ಬಿಳಿ. ದಾರಿ ಯಾವುದು, ಹಳ್ಳ ಯಾವುದು ಎಂದು ಆ ಸುಟ್ಟ ಕಣ್ಣುಗಳಿಗೆ ತಿಳಿಯುವುದು ಹೇಗೆ? ಜೊತೆಗಿದ್ದ ಹುಡುಗರಿಬ್ಬರ ಶಕ್ತಿ ಪೂರ್ತಿ ಉಡುಗಿತ್ತು. ಬಯಸಿದ ನಾಡು ಕಣ್ಣೆದುರಿಗಿರುವಾಗ ಅಂದ್ರಾದೆ ಹಿಂದಕ್ಕೆ ತಿರುಗಿದರು. ಸಂತರ ಹಾಗೂ ಸಾಹಸಿಗಳ ಕಥೆಗಳಲ್ಲಿ ಮುನ್ನುಗ್ಗಿದವರನ್ನೇ ನಾವು ಹೆಚ್ಚಾಗಿ ಮೆಚ್ಚುತ್ತೇವೆ. ಅವರು ಮುನ್ನುಗ್ಗಿದ್ದರೆ ಆ ಇಬ್ಬರು ಹುಡುಗರು ಹಿಮದಡಿಯಲ್ಲಿ ಉಳಿಯುತ್ತಿದ್ದರು. ಅವರ ಹೆಸರನ್ನು ನಮ್ಮಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ.

ಕೆಳಗಿಳಿದು ಮಾರ್ಕೆಸ್ ಅವರನ್ನು ಕೂಡಿಕೊಂಡು, ಹಿಮ ಕರಗುವವರೆಗೆ ಕಾದರು. ಆಗಸ್ಟ್ ಮೊದಲ ಭಾಗದಲ್ಲಿ ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ತ್ಸಪರಂಗ್ ಪಟ್ಟಣ ತಲುಪಿದರು. ಅಲ್ಲಿ ಕ್ರೈಸ್ತರಾರೂ ಇರಲಿಲ್ಲ, ಇದ್ದವರು ಬೌದ್ಧರು. ಆದರೂ ರಾಜ ಆದರದಿಂದ ಬರಮಾಡಿಕೊಂಡ, ಮತ್ತೆ ಬರಬೇಕೆಂದು ಮಾತು ಪಡೆದು ಬೀಳ್ಕೊಟ್ಟ. ಅದರಂತೆ ಸ್ವಾಮಿಯವರು 1625ರಲ್ಲಿ ಮರಳಿ ಹೋದರು. 1626ರ ಏಪ್ರಿಲ್ 12, ಪಾಸ್ಕ ಹಬ್ಬದ ದಿನ, ಅಲ್ಲಿ ದೇವಾಲಯಕ್ಕೆ ಅಡಿಗಲ್ಲು ಬಿತ್ತು. ಆ ದೇವಾಲಯ ಬಹಳ ಕಾಲ ಬಾಳಲಿಲ್ಲ. ರಾಜ ಪರದೇಶಿ ಗುರುಗಳಿಗೆ ಒಲಿದದ್ದು ಲಾಮಾಗಳ ಅಸಮಾಧಾನಕ್ಕೆ ಕಾರಣವಾಯಿತು. 1630ರಲ್ಲಿ ದಂಗೆ ಎದ್ದಿತು, ಲಡಾಖಿನ ರಾಜ ನಾಡನ್ನು ಗೆದ್ದುಕೊಂಡ. ಒಬ್ಬರ ಮಠಗಳನ್ನು ಕುಗ್ಗಿಸಿ ಇನ್ನೊಬ್ಬರ ದೇವಾಲಯವನ್ನು ಎತ್ತುವ ರಾಜಕೃಪೆ ಎಷ್ಟು ದಿನ ನಿಂತೀತು?

ಅಷ್ಟರಲ್ಲಿ ಅಂದ್ರಾದೆ ಯೇಸುಸಭೆಯ ಪ್ರಾಂತ್ಯಾಧಿಕಾರಿಯಾಗಿ ಗೋವೆಗೆ ಬಂದಿದ್ದರು. ಅಲ್ಲಿ ಧರ್ಮವಿಚಾರಣಾ ನ್ಯಾಯಾಲಯದ ಹೊಣೆಯೂ ಅವರ ಮೇಲೆ ಬಿತ್ತು. ಆ ನ್ಯಾಯಾಲಯದ ಕಥೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಟಿಬೆಟ್ಟಿಗೆ ಮತ್ತೊಮ್ಮೆ ಹೊರಡುವ ಸಿದ್ಧತೆಯಲ್ಲಿದ್ದಾಗ ಯಾರೋ ವಿಷವಿಕ್ಕಿದರು. 1634ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ತೀರಿಕೊಂಡರು. ಹಿಮ ಕೊಲ್ಲದವರನ್ನು ಗೋವೆಯ ಸೆಕೆಯಲ್ಲಿ ಮನುಷ್ಯರೇ ಕೊಂದರು.

ಬ್ರದರ್ ಮಾರ್ಕೆಸ್ ಏನಾದರು ಎಂದು ಕೇಳುತ್ತೀರಿ. 1640ರಲ್ಲಿ ಅವರು ಅದೇ ಮಾಣಾ ದಾರಿಯಿಂದ ಮತ್ತೆ ತ್ಸಪರಂಗಿನತ್ತ ಹೋದರು. ಈ ಸಲ ಸೆರೆ ಸಿಕ್ಕರು. ಬಿಡಿಸಿಕೊಳ್ಳಿರೆಂದು ಬೇಡುವ ಅವರ ಪತ್ರವೊಂದು 1641ರಲ್ಲಿ ಆಗ್ರಾಕ್ಕೆ ತಲುಪಿತು. ಗೆಳೆಯರು ಪ್ರಯತ್ನಪಟ್ಟರು, ಫಲಿಸಲಿಲ್ಲ. ಆ ಪತ್ರದ ನಂತರ ಅವರಿಂದ ಬೇರೆ ಸುದ್ದಿ ಬರಲಿಲ್ಲ.