ಚಿನ್ನ ಮಾಡ್ತೀನಿ ಅಂದವನ ಪಿಂಗಾಣಿ

1701ರಲ್ಲಿ ಯೋಹಾನ್ ಫ್ರೀಡ್ರಿಕ್ ಬ್ಯೋಟ್ಗರ್‌ಗೆ ಹತ್ತೊಂಬತ್ತು ವರ್ಷ. ಅಂದರೆ ನಮ್ಮ ಸೆಕೆಂಡ್ ಇಯರ್‌ನವರ ವಯಸ್ಸು. ಬರ್ಲಿನ್‌ನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಕಲೀತಿದ್ದ ಈ ಹುಡುಗ ನಾಲ್ಕು ಜನರ ಎದುರು ನಾಣ್ಯವನ್ನು ಚಿನ್ನ ಮಾಡಿ ತೋರಿಸಿದ. ಕೈಚಳಕ ಅನ್ನೋದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ಸುದ್ದಿ ಪ್ರಷ್ಯಾದ ರಾಜನ ಕಿವಿಗೆ ಬಿತ್ತು, ಹುಡುಗ ಹೆದರಿ ಗಡಿ ದಾಟಿ ಸ್ಯಾಕ್ಸನಿಗೆ ಓಡಿದ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯ್ತು. ಅಲ್ಲಿನ ದೊರೆ ಆಗಸ್ಟಸ್‌ಗೆ ಯುದ್ಧಕ್ಕೂ ವೈಭೋಗಕ್ಕೂ ಎಷ್ಟು ದುಡ್ಡಿದ್ದರೂ ಸಾಲದು. ಬ್ಯೋಟ್ಗರ್‌ನನ್ನು ಹಿಡಿದು ತಂದು ಡ್ರೆಸ್ಡೆನ್‌ನಲ್ಲಿ ಕೂಡಿಹಾಕಿ, ಚಿನ್ನ ಮಾಡು ಅಂದ. 1703ರಲ್ಲಿ ಒಮ್ಮೆ ತಪ್ಪಿಸಿಕೊಂಡು ಆಸ್ಟ್ರಿಯಾವರೆಗೆ ಹೋದರೂ ಸಿಕ್ಕಿಬಿದ್ದ.

ಆಗಸ್ಟಸ್‌ಗೆ ಇನ್ನೊಂದು ಹುಚ್ಚಿತ್ತು, ಪಿಂಗಾಣಿ. ಆಗ ಗಟ್ಟಿ ಬಿಳಿ ಪಿಂಗಾಣಿ ಹಡಗಿನಲ್ಲಿ ಚೀನಾ, ಜಪಾನಿನಿಂದ ಬರಬೇಕಿತ್ತು. ಅದನ್ನು ಮಾಡುವ ಬಗೆ ಯುರೋಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಚ್ಚು ಎಷ್ಟರಮಟ್ಟಿಗೆ ಅಂದ್ರೆ, 1717ರಲ್ಲಿ ಇವನು ಪ್ರಷ್ಯಾದ ರಾಜನಿಗೆ 600 ಸೈನಿಕರನ್ನು ಕೊಟ್ಟು 151 ಪಿಂಗಾಣಿ ವಸ್ತು ತಗೊಂಡ!

ಚಿನ್ನ ಬರೋ ಲಕ್ಷಣ ಕಾಣದಾಗ ಬ್ಯೋಟ್ಗರ್‌ನನ್ನು ಚಿರ್ನ್‌ಹೌಸ್ ಎಂಬ ಗಣಿತಜ್ಞನ ಕೈಗೆ ಒಪ್ಪಿಸಿದರು. ಈತ ದೊಡ್ಡ ಮಸೂರಗಳಿಂದ ಬಿಸಿಲನ್ನು ಒಂದೇ ಕಡೆ ಹಾಯಿಸಿ, ಕಲ್ಲು ಮಣ್ಣುಗಳು ಹೇಗೆ ಕರಗುತ್ತವೆ ಅಂತ ವರ್ಷಗಟ್ಟಲೆ ನೋಡಿದ್ದವನು. ಇಬ್ಬರೂ ಮೊದಲು ಕೆಂಪು ಮಣ್ಣಿನ ಗಟ್ಟಿ ಪಾತ್ರೆ ಮಾಡಿದರು.

ನಮಗೆ ತುಂಬಾ ಇಷ್ಟವಾಗಿದ್ದು 1708ರ ಜನವರಿ 15ರ ಲ್ಯಾಬ್ ಟಿಪ್ಪಣಿ. ಏಳು ಮಿಶ್ರಣ. ಒಂದರಲ್ಲಿ ಬರೀ ಜೇಡಿಮಣ್ಣು, ಉಳಿದ ಆರರಲ್ಲಿ ಮಣ್ಣಿಗೆ ಅಲಬಾಸ್ಟರ್ ಕಲ್ಲಿನ ಪುಡಿ, 4:1ರಿಂದ 9:1ರವರೆಗೆ. ಒಂದೇ ವೇರಿಯಬಲ್, ಬೇರೆ ಏನೂ ಬದಲಿಸಿಲ್ಲ. ಕೊನೆಯ ಮೂರು ಬೆಳ್ಳಗೆ, ಬೆಳಕು ಹಾಯುವ ಹಾಗೆ ಬಂದವು. ಲೆಕ್ಕ ಇಷ್ಟೇ: ಬಿಳಿ ಜೇಡಿಮಣ್ಣು ಆ ಬಿಸಿಗೂ ಆಕಾರ ಬಿಡಲ್ಲ, ಅಲಬಾಸ್ಟರ್‌ನಲ್ಲಿರುವ ಸುಣ್ಣದ ಅಂಶ ಮಣ್ಣಿನ ಒಂದು ಪಾಲನ್ನು ಕರಗಿಸಿ ಗಾಜಾಗಿಸಿ ಸಂದುಗಳನ್ನು ತುಂಬುತ್ತೆ. ಪುಡಿ ಜಾಸ್ತಿಯಾದರೆ ಪಾತ್ರೆ ಕುಸಿಯುತ್ತೆ. ಇದಕ್ಕೆಲ್ಲ 1300 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು, ಹಾಗಾಗಿ ಭಟ್ಟಿಯನ್ನೂ ಅವರೇ ಹೊಸದಾಗಿ ಕಟ್ಟಬೇಕಾಯ್ತು.

ಅದೇ ಅಕ್ಟೋಬರ್‌ನಲ್ಲಿ ಚಿರ್ನ್‌ಹೌಸ್ ತೀರಿಕೊಂಡ. 1709ರ ಮಾರ್ಚ್‌ನಲ್ಲಿ ಬ್ಯೋಟ್ಗರ್, ಬಿಳಿ ಪಿಂಗಾಣಿ ಮಾಡಬಲ್ಲೆ ಅಂತ ರಾಜನಿಗೆ ವರದಿ ಕೊಟ್ಟ. ಕಂಡುಹಿಡಿದವರು ಯಾರು ಅನ್ನೋ ಜಗಳ ಇಂದಿಗೂ ಇದೆ, ನಮ್ಮ ಗುಂಪಿನಲ್ಲೂ ಎರಡು ಪಕ್ಷ. ಆ ಟಿಪ್ಪಣಿಯ ಶಿಸ್ತು ಗಣಿತಜ್ಞನದು ಅಂತಲೇ ನಮ್ಮಲ್ಲಿ ಹೆಚ್ಚಿನವರಿಗೆ ಅನಿಸುತ್ತೆ. ಆದರೆ ಕಾವಲಿನಲ್ಲಿದ್ದು, ಭಟ್ಟಿಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡು, ಅಂಗೈಯಗಲದ ತುಂಡನ್ನು ಕಾರ್ಖಾನೆ ಮಾಡಿದವನು ಬ್ಯೋಟ್ಗರ್. ಅರ್ಧ ಪಾಲು ಅವನಿಗೆ ಕೊಡದಿದ್ದರೆ ಅನ್ಯಾಯ.

ಕಾರ್ಖಾನೆಗೆ 1710ರ ಜನವರಿಯಲ್ಲಿ ಆಜ್ಞೆಯಾಯ್ತು. ಜೂನ್‌ನಲ್ಲಿ ಅದು ಮೈಸೆನ್ ಊರಿನ ಬೆಟ್ಟದ ಕೋಟೆಗೆ ಹೋಯ್ತು. ಕೋಟೆ ಯಾಕೆ? ಗುಟ್ಟು ಹೊರಗೆ ಹೋಗಬಾರದಲ್ಲ. ಮಣ್ಣಿನ ಪಾಕ ಒಬ್ಬನಿಗೆ, ಮೆರುಗಿನ ಪಾಕ ಇನ್ನೊಬ್ಬನಿಗೆ. ಪೂರ್ತಿ ಗೊತ್ತಿದ್ದವನು ಬ್ಯೋಟ್ಗರ್ ಒಬ್ಬನೇ. ಅದಕ್ಕೇ ಅವನನ್ನು ಬಿಡೋ ಹಾಗಿರಲಿಲ್ಲ. ಚಿನ್ನ ಮಾಡಲು ಬರದೇ ಜೈಲಾಗಿದ್ದವನಿಗೆ ಈಗ ಪಿಂಗಾಣಿ ಮಾಡಲು ಬಂದಿದ್ದಕ್ಕೆ ಜೈಲು! 1714ರಲ್ಲಿ ಬಿಡುಗಡೆ ಸಿಕ್ಕಿತು, ಅಷ್ಟರಲ್ಲಿ ಕುಡಿತ ಹತ್ತಿ ಆರೋಗ್ಯ ಹಾಳಾಗಿತ್ತು.

ಕೋಟೆಯಾದರೂ ಗುಟ್ಟು ಉಳಿಯಲಿಲ್ಲ. 1719ರ ಶುರುವಿನಲ್ಲಿ ಸ್ಟೋಲ್ಟ್ಸೆಲ್ ಎಂಬ ಕೆಲಸಗಾರ ವಿಯೆನ್ನಾಗೆ ಓಡಿಹೋದ, ಅಲ್ಲೂ ಪಿಂಗಾಣಿ ಶುರುವಾಯ್ತು. ಆ ಮಾರ್ಚ್ 13ರಂದು ಬ್ಯೋಟ್ಗರ್ ಸತ್ತ. ವಯಸ್ಸು 37, ಮೈತುಂಬ ಸಾಲ.

ಆಮೇಲೆ ಮೈಸೆನ್‌ನವರು ಅಲಬಾಸ್ಟರ್ ಬಿಟ್ಟು ಫೆಲ್ಡ್‌ಸ್ಪಾರ್ ಹಾಕತೊಡಗಿದರು. ನಮ್ಮ ಕರೆಂಟ್ ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರ್‌ನಲ್ಲಿ ಈಗಲೂ ಇರೋದು ಅದೇ ಫೆಲ್ಡ್‌ಸ್ಪಾರ್.