ರೋಗದ ಲಿಪಿಯನ್ನು ಓದಿದ ವೈದ್ಯ

ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ದೊರೆ ಮಂಗಳೇಶನ ಶಾಸನವನ್ನು ಹೊತ್ತ ಕಲ್ಲಿನ ಕಂಬವೊಂದಿತ್ತು. ಈಗ ಅದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಆ ಕ್ಷೇತ್ರಕ್ಕೆ ಬಂದುಹೋದ ಯಾತ್ರಿಕರು ಅಸಂಖ್ಯರು. ಕಂಬದ ಅಕ್ಷರಗಳನ್ನು ಬಿಡಿಸಿ ಓದುವ ತಾಳ್ಮೆಯುಳ್ಳವರು ವಿರಳ. 1890ರಲ್ಲಿ ಫ್ಲೀಟ್ ಅವರು ಅದರ ಪಾಠವನ್ನು ಪ್ರಕಟಿಸಿದ ಮೇಲೆ ಅದರಲ್ಲಿ ಅಡಗಿದ್ದ ಇತಿಹಾಸವು ವಿದ್ವಾಂಸರಿಗೆ ತಿಳಿಯಿತು. ಅದೇ ಶತಮಾನದಲ್ಲಿ ಫ್ರಾನ್ಸ್ ದೇಶದ ವೈದ್ಯರೊಬ್ಬರು ರೋಗಿಯ ದೇಹವನ್ನೇ ಶಾಸನವೆಂದು ಬಗೆದು, ಅಷ್ಟೇ ತಾಳ್ಮೆಯಿಂದ ಓದುತ್ತಿದ್ದರು. ಅವರೇ ಜೀನ್ ಮಾರ್ಟಿನ್ ಶಾರ್ಕೊ.

ಶಾರ್ಕೊ ಅವರು 1825ನೆಯ ನವೆಂಬರ್ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಸಾರೋಟುಗಳನ್ನು ತಯಾರಿಸುವ ಕುಶಲಕರ್ಮಿ. ಬಾಲಕ ಶಾರ್ಕೊ ಮಿತಭಾಷಿ; ಚಿತ್ರ ಬರೆಯುವುದರಲ್ಲಿ ಬಲು ಆಸಕ್ತಿ. ಆದರೂ ವೈದ್ಯಶಾಸ್ತ್ರವನ್ನು ಆರಿಸಿಕೊಂಡು 1853ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಚಿತ್ರಕಾರನ ಸೂಕ್ಷ್ಮ ದೃಷ್ಟಿ ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1862ರಲ್ಲಿ ಅವರು ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯರಾದರು. ಒಂದು ಕಾಲಕ್ಕೆ ಸಿಡಿಮದ್ದಿನ ಕಾರ್ಖಾನೆಯಿದ್ದ ಆ ಸ್ಥಳದಲ್ಲಿ ಆಗ ಸುಮಾರು 5000 ಮಂದಿ ಬಡ ಸ್ತ್ರೀಯರು ಆಶ್ರಯ ಪಡೆದಿದ್ದರು. ವೃದ್ಧೆಯರು, ನಿರ್ಗತಿಕರು, ವಾಸಿಯಾಗದ ಬೇನೆಯವರೇ ಅವರಲ್ಲಿ ಹೆಚ್ಚು. ಕೀರ್ತಿಯನ್ನು ಬಯಸುವವರು ಇಂಥ ಜಾಗವನ್ನು ಬಯಸುತ್ತಿರಲಿಲ್ಲ. ಶಾರ್ಕೊ ಅವರಿಗಾದರೋ ಅದು ಓದದೆ ಉಳಿದ ಗ್ರಂಥಭಂಡಾರದಂತೆ ತೋರಿತು. ಒಬ್ಬೊಬ್ಬರನ್ನೂ ವರ್ಷಗಟ್ಟಲೆ ಪರೀಕ್ಷಿಸಿ, ಕಂಡುದನ್ನು ಬರೆದಿಟ್ಟರು. ರೋಗಿ ತೀರಿಕೊಂಡ ಬಳಿಕ ಮೆದುಳನ್ನೂ ಬೆನ್ನುಹುರಿಯನ್ನೂ ಪರಿಶೀಲಿಸಿ, ಹಿಂದಿನ ಬರಹದೊಡನೆ ಹೋಲಿಸಿ ನೋಡಿದರು.

ಅಲ್ಲಿನ ಕೆಲವರಿಗೆ ಕೈ ನಡುಗುತ್ತಿತ್ತು. ಸುಮ್ಮನಿರುವಾಗಲೂ ನಡುಗುವ ಕೈ ಬೇರೆ, ಲೋಟವನ್ನು ಹಿಡಿಯಲು ಚಾಚಿದಾಗ ಮಾತ್ರ ನಡುಗುವ ಕೈ ಬೇರೆ ಎಂಬುದನ್ನು ಶಾರ್ಕೊ ಸ್ಪಷ್ಟಪಡಿಸಿದರು. ಎರಡನೆಯ ಬಗೆಯವರಲ್ಲಿ ಕಣ್ಣಾಲಿಗಳು ಅದುರುತ್ತಿದ್ದವು. ಮಾತು ತುಂಡುತುಂಡಾಗಿ ಹೊರಡುತ್ತಿತ್ತು. ಅಂಥವರ ಮೆದುಳು, ಬೆನ್ನುಹುರಿಗಳಲ್ಲಿ ಗಟ್ಟಿಯಾದ ಕಲೆಗಳು ಕಂಡುಬಂದವು. ಈ ಕಲೆಗಳನ್ನು ಹಿಂದೆಯೇ ಕೆಲವರು ಚಿತ್ರಿಸಿದ್ದರೂ, ಅವುಗಳಿಗೂ ಈ ಲಕ್ಷಣಗಳಿಗೂ ಇರುವ ಸಂಬಂಧವನ್ನು 1868ರಲ್ಲಿ ವಿಶದವಾಗಿ ತೋರಿಸಿಕೊಟ್ಟವರು ಶಾರ್ಕೊ. ಆ ರೋಗವೇ ಇಂದಿನ ಮಲ್ಟಿಪಲ್ ಸ್ಕ್ಲೆರೋಸಿಸ್. ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ನರತಂತುಗಳಿಗೂ ಒಂದು ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ಆ ಹೊದಿಕೆಯನ್ನು ಕೆಡಿಸಿದಾಗ ಮೆದುಳಿನ ಆಜ್ಞೆ ಅವಯವಗಳಿಗೆ ಸರಿಯಾಗಿ ತಲುಪುವುದಿಲ್ಲ.

ಶಾರ್ಕೊ ಅವರ ಪಾಠಗಳನ್ನು ಕೇಳಲು ದೇಶವಿದೇಶಗಳಿಂದ ಜನರು ಬರುತ್ತಿದ್ದರು. ನಡುಕದ ಭೇದವು ಹಿಂದಿನ ಸಾಲಿನವರಿಗೂ ಕಾಣಲೆಂದು ಅವರು ರೋಗಿಗಳಿಗೆ ಗರಿಯುಳ್ಳ ಟೋಪಿಯನ್ನು ತೊಡಿಸುತ್ತಿದ್ದರು. 1882ರಲ್ಲಿ ನರರೋಗಗಳಿಗೆಂದೇ ಏರ್ಪಟ್ಟ ಪೀಠದ ಪ್ರಾಧ್ಯಾಪಕರಾದರು. ಸಿಗ್ಮಂಡ್ ಫ್ರಾಯ್ಡ್ ಅವರೂ ಕೆಲವು ತಿಂಗಳು ಅವರಲ್ಲಿ ಕಲಿತರು. ಸಂಮೋಹನದ ಬಗ್ಗೆ ಶಾರ್ಕೊ ತಳೆದ ಅಭಿಪ್ರಾಯಗಳು ಮುಂದೆ ನಿಲ್ಲಲಿಲ್ಲ. ನರರೋಗಗಳ ಬಗ್ಗೆ ಅವರು ಕಂಡುಕೊಂಡ ಸತ್ಯಗಳು ನಿಂತವು.

ಆದರೆ ರೋಗಕ್ಕೆ ಹೆಸರನ್ನು ಕೊಟ್ಟ ವೈದ್ಯರಿಗೆ ಅದನ್ನು ತಡೆಯುವ ಮದ್ದು ದೊರೆಯಲಿಲ್ಲ. ರೋಗಿ ತನಗೆ ತಾನೇ ಏನು ಮಾಡಿಕೊಳ್ಳಬಹುದೆಂಬುದೂ ಅಂದು ತಿಳಿದಿರಲಿಲ್ಲ. 1893ನೆಯ ಆಗಸ್ಟ್ 16ರಂದು ಶಾರ್ಕೊ ನಿಧನರಾದರು.

ಅವರು ತೋರಿದ ದಾರಿಯಲ್ಲಿ ನಡೆದವರು ಮುಂದೆ ಹೆಚ್ಚಿನದನ್ನು ಕಂಡರು. ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ಅದರ ವೇಗವನ್ನು ತಗ್ಗಿಸುವ ಔಷಧಗಳಿವೆ. ಧೂಮಪಾನಿಗಳಿಗೆ ಈ ರೋಗ ತಗಲುವ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಹೊಗೆಯಿಂದ ಕೆರಳಿದ ಶ್ವಾಸಕೋಶವು ರಕ್ಷಣಾ ಕಣಗಳನ್ನು ದಾರಿತಪ್ಪಿಸುತ್ತಿರಬಹುದೆಂದು ಸಂಶೋಧಕರ ಊಹೆ. ರೋಗ ಪತ್ತೆಯಾದ ಮೇಲೂ ಸೇದುತ್ತಿದ್ದವರು, ಬಿಟ್ಟವರಿಗಿಂತ ಬೇಗನೆ ಅದರ ಕಠಿಣ ಹಂತವನ್ನು ತಲುಪಿದರೆಂದು 2015ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ತಿಳಿಸಿತು. ಹೊಗೆಯನ್ನು ಎಂದೂ ಮುಟ್ಟದವರಿಗೂ ಈ ರೋಗ ಬರುವುದುಂಟು. ಆದ್ದರಿಂದ ರೋಗಿಯನ್ನು ಹಳಿಯುವುದು ಸಲ್ಲದು. ಬೀಡಿ ಸಿಗರೇಟುಗಳನ್ನು ಬಿಡಲು ಅವನಿಗೆ ನೆರವಾಗುವುದು, ಅವನಿರುವ ಮನೆಯಲ್ಲಿ ಇತರರೂ ಹೊಗೆಯಾಡಿಸದಿರುವುದು ಉಚಿತ.

ಸಾಲ್ಪೆಟ್ರಿಯೇರಿನ ಆ ಬಡ ಹೆಂಗಸರಿಗೆ ಈ ತಿಳಿವಳಿಕೆಯ ಫಲ ದೊರೆಯಲಿಲ್ಲ. ಅವರ ನೋವನ್ನು ಒಬ್ಬರು ಗಮನವಿಟ್ಟು ನೋಡಿ ಬರೆದಿಟ್ಟುದರಿಂದ ಇಂದಿನ ರೋಗಿಯ ಕೈಯಲ್ಲಿ ಒಂದು ಉಪಾಯವಾದರೂ ಉಳಿದಿದೆ.