ಹಲ್ಲು ಮತ್ತು ಮೂಳೆಯ ನಂಟು ಅರಿತ ಜಾನ್ ಹಂಟರ್

ಮಕ್ಕಳೇ, ಗುಬ್ಬಿ, ಕುಣಿಗಲ್ ಕಡೆಯ ತೆಂಗಿನ ತೋಟಗಳನ್ನು ನೋಡಿದ್ದೀರಲ್ಲವೇ? ಎರಡು ಸಸಿಗಳ ನಡುವೆ ರೈತರು 25ರಿಂದ 30 ಅಡಿ ಜಾಗ ಬಿಡುತ್ತಾರೆ. ಒತ್ತಾಗಿ ನೆಟ್ಟರೆ ಎರಡೂ ಸೊರಗುತ್ತವೆ. ಹಲ್ಲು ಕಳೆದುಕೊಂಡವರ ದವಡೆಯಲ್ಲಿ ಕೃತಕ ಬೇರು ನೆಡುವ ದಂತವೈದ್ಯರೂ ಹೀಗೆಯೇ ಅಂತರ ಅಳೆಯುತ್ತಾರೆ. ಏಕೆಂದರೆ ದವಡೆಯ ಮೂಳೆಗೆ ಜೀವವಿದೆ. ಇದನ್ನು ಆಳವಾಗಿ ಅಭ್ಯಾಸ ಮಾಡಿದ ಮೊದಲಿಗರಲ್ಲಿ ಜಾನ್ ಹಂಟರ್ ಒಬ್ಬರು.

ಹಂಟರ್ 1728ರಲ್ಲಿ ಸ್ಕಾಟ್ಲೆಂಡಿನ ರೈತ ಕುಟುಂಬವೊಂದರಲ್ಲಿ ಜನಿಸಿದರು. ಹತ್ತು ಮಕ್ಕಳಲ್ಲಿ ಇವರೇ ಕಿರಿಯರು. ಇವರಿಗೆ ಶಾಲೆಯ ಪಾಠ ರುಚಿಸುತ್ತಿರಲಿಲ್ಲ. ಇರುವೆ, ಹಕ್ಕಿ, ಎಲೆಗಳನ್ನು ನೋಡುತ್ತಾ ಹೊಲಗಳಲ್ಲಿ ಅಲೆಯುತ್ತಿದ್ದರು. 20ನೆಯ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಅಣ್ಣ ವಿಲಿಯಂ ನಡೆಸುತ್ತಿದ್ದ ಅಂಗರಚನಾ ಶಾಲೆಗೆ ಸೇರಿದರು. ಅಲ್ಲಿ ಕಲಿತು ಮುಂದೆ ಹೆಸರಾಂತ ಶಸ್ತ್ರವೈದ್ಯರಾದರು. ಸಿಡುಬಿಗೆ ಲಸಿಕೆ ನೀಡಿದ ಎಡ್ವರ್ಡ್ ಜೆನ್ನರ್ ಇವರ ಶಿಷ್ಯರು.

ಪ್ರಾಣಿಗಳಿಗೆ ಮಂಜಿಷ್ಠ ಜಾತಿಯ ಬೇರನ್ನು ತಿನ್ನಿಸಿದರೆ ಹೊಸದಾಗಿ ಬೆಳೆಯುವ ಮೂಳೆ ಕೆಂಪಾಗುತ್ತದೆ. ಈ ಉಪಾಯದಿಂದ ಹಂಟರ್ ಮೂಳೆ ಬೆಳೆಯುವ ಬಗೆಯನ್ನು ತಿಳಿದರು. ಬೇರೆ ಬೇರೆ ವಯಸ್ಸಿನವರ ದವಡೆಗಳನ್ನು ಹೋಲಿಸಿದರು. ಹಲ್ಲಿನ ಗೂಡಾಗಿರುವ ಮೂಳೆ ಇರುವುದೇ ಹಲ್ಲಿಗಾಗಿ. ಹಲ್ಲು ಹೋದರೆ ಅದೂ ಕರಗುತ್ತದೆ ಎಂದು ತೋರಿಸಿದರು. ಹಲ್ಲುಗಳನ್ನು ಕುರಿತ ಅವರ ಪುಸ್ತಕ 1771ರಲ್ಲಿ ಪ್ರಕಟವಾಯಿತು.

ಅವರು ಹುಂಜದ ಜುಟ್ಟಿನಲ್ಲಿ ಮನುಷ್ಯನ ಹಲ್ಲನ್ನು ನೆಟ್ಟರು. ಅದು ಅಲ್ಲಿ ಅಂಟಿಕೊಂಡಿತು. ಹಾಗಾದರೆ ಒಬ್ಬರ ಹಲ್ಲನ್ನು ಇನ್ನೊಬ್ಬರಿಗೆ ನೆಡಬಹುದೆಂದು ನಂಬಿದರು. ಇಲ್ಲಿ ಅವರು ಎಡವಿದರು. ಶ್ರೀಮಂತರು ಬಡವರ ಒಳ್ಳೆಯ ಹಲ್ಲುಗಳನ್ನು ಹಣಕೊಟ್ಟು ಕೀಳಿಸಿಕೊಳ್ಳತೊಡಗಿದರು. ನೆಟ್ಟ ಹಲ್ಲುಗಳು ಬಹುಕಾಲ ನಿಲ್ಲಲಿಲ್ಲ. ರೋಗಗಳೂ ಹರಡಿದವು. ಕ್ರಮೇಣ ಆ ಪದ್ಧತಿ ನಿಂತಿತು. ಹಂಟರ್ 1793ರಲ್ಲಿ ತೀರಿಕೊಂಡರು. ಅವರು ಸಂಗ್ರಹಿಸಿದ ಸಾವಿರಾರು ಮಾದರಿಗಳು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಆಧಾರವಾದವು.

ಬೇರೊಬ್ಬರ ಹಲ್ಲು ಬೇಕಿಲ್ಲದ ದಾರಿ ಬಹಳ ತಡವಾಗಿ ದೊರೆಯಿತು. ಟೈಟಾನಿಯಂ ಲೋಹವನ್ನು ಮೂಳೆ ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಕಂಡರು. 1965ರಲ್ಲಿ ರೋಗಿಯೊಬ್ಬರ ದವಡೆಗೆ ಟೈಟಾನಿಯಂ ಬೇರುಗಳನ್ನು ನೆಟ್ಟರು.

ಇಂತಹ ಬೇರಿನ ಕತ್ತಿನ ಸುತ್ತ ಮೂಳೆ ಸ್ವಲ್ಪ ಸವೆಯುತ್ತದೆ. ಎರಡು ಬೇರುಗಳು ತೀರ ಹತ್ತಿರವಿದ್ದರೆ ಎರಡರ ಸವೆತವೂ ಕೂಡಿಕೊಂಡು ನಡುವಿನ ಮೂಳೆ ತಗ್ಗುತ್ತದೆ. ಅದರ ಮೇಲೆ ನಿಂತ ಒಸಡೂ ಕುಸಿಯುತ್ತದೆ. ಆ ಸಂದಿಯಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎರಡು ಕೃತಕ ಬೇರುಗಳ ನಡುವೆ ಸುಮಾರು 3 ಮಿಲಿಮೀಟರ್, ಕೃತಕ ಬೇರಿಗೂ ಪಕ್ಕದ ಸಹಜ ಹಲ್ಲಿಗೂ ನಡುವೆ ಸುಮಾರು 1.5 ಮಿಲಿಮೀಟರ್ ಅಂತರವಿರಬೇಕು. ತುಮಕೂರಿನಲ್ಲಿ ದಂತವೈದ್ಯ ಕಲಿಯುವವರಿಗೂ ಇದೊಂದು ಪಾಠ.

ನಿಮ್ಮ ಬಾಯಲ್ಲೂ ಜಾಗಕ್ಕೆ ಬೆಲೆಯಿದೆ. ಹುಳುಕಾದ ಹಾಲುಹಲ್ಲನ್ನು ಅವಧಿಗೆ ಮುಂಚೆಯೇ ಕಳೆದುಕೊಂಡರೆ ಅಕ್ಕಪಕ್ಕದ ಹಲ್ಲುಗಳು ಅತ್ತ ವಾಲುತ್ತವೆ. ಆಗ ಹೊಸ ಹಲ್ಲಿಗೆ ಜಾಗ ಸಾಲದೆ ಅದು ಸೊಟ್ಟಗೆ ಬರಬಹುದು. ಹೇಗೂ ಬೀಳುವ ಹಲ್ಲು ಎಂದು ಹಾಲುಹಲ್ಲನ್ನು ಕಡೆಗಣಿಸಬೇಡಿ. ಬೆಳಿಗ್ಗೆ ಮತ್ತು ರಾತ್ರಿ ತಪ್ಪದೆ ಹಲ್ಲುಜ್ಜಿ.